ಮೆದು ತುದಿಯ ಗುಂಡು

೨೦೦೪ರ ಫೆಬ್ರುವರಿ ೧೨, ಗುರುವಾರ ಬೆಳಿಗ್ಗೆ ಕುವೈತಿನ ಜಹ್ರಾ ಪೊಲೀಸ್ ಠಾಣೆಗೆ ಸೈದು ಓಡಿಬಂದ. ಮರುಭೂಮಿಯ ಬಿಡಾರವೊಂದರಲ್ಲಿ ಅವನು ಅಡುಗೆಯವನು. ಬಂದೂಕಿನ ಆಳು ರೈಫಲ್ ಒರೆಸುವಾಗ ಕೈತಪ್ಪಿ ಗುಂಡು ಹಾರಿ ಮೇಲ್ವಿಚಾರಕ ಮೋರಿಸ್ ಸತ್ತನೆಂದು ದೂರು ಕೊಟ್ಟ.

ಇನ್ಸ್‌ಪೆಕ್ಟರ್ ಬದರ್ ಎಫ್‌ಐಆರ್ ಬರೆಸಿ, ದುಭಾಷಿ ಜೋಕಿಮ್‌ನನ್ನು ಕರೆದುಕೊಂಡು ಹೊರಟರು. ಕುವೈತ್ ಯುದ್ಧ ಮುಗಿದಾಗಿನಿಂದ ಖೈತಾನ್ ಬಡಾವಣೆಯಲ್ಲಿದ್ದ ಈ ಮಂಗಳೂರಿಗನಿಗೆ ಊರವರ ಸಾವನ್ನು ಅರಬ್ಬಿಗೆ ತಿರುಗಿಸುವ ಕೆಲಸ ಇನ್ನೂ ರೂಢಿಯಾಗಿರಲಿಲ್ಲ.

ಪಂಚನಾಮೆಯಲ್ಲಿ ಬದರ್ ಒಂದು ಮಾತು ಸೇರಿಸಿದರು: ಶವದ ಹಿಂದಿದ್ದ ಚಹಾ ಗುಡಾರದ ಬಟ್ಟೆಗೆ ತೂತು ಬಿದ್ದಿಲ್ಲ.

ಬಿಡಾರದ ಕಫೀಲ್, ಅಂದರೆ ಇವರಿಗೆಲ್ಲ ವೀಸಾ ಕೊಟ್ಟ ಧಣಿ, ಆಫ್ರಿಕಾದ ಕಾಡೆಮ್ಮೆ ಬೇಟೆಗೆ ಹೊರಟವನು. ಅಂದು ಗುರಿ ನೋಡಲು ಹೊರತೆಗೆದದ್ದು ಗಟ್ಟಿ ಗುಂಡಿನ ತೋಟಾಗಳನ್ನು ಮಾತ್ರ. ಅವು ದಪ್ಪ ಚರ್ಮ, ಮೂಳೆ ಎರಡನ್ನೂ ಸೀಳಿ ಆಚೆ ಹೋಗುವಂಥವು. ಶವಪರೀಕ್ಷೆಯಲ್ಲಿ ಸಿಕ್ಕಿದ್ದೇ ಬೇರೆ. ಜಿಂಕೆಗೆ ಹಾಕುವ ಮೆದು ಸೀಸದ ಗುಂಡು, ಅಣಬೆಯಂತೆ ಅರಳಿ ಎದೆಯೊಳಗೇ ನಿಂತಿತ್ತು.

ತೋಟಾ ಪೆಟ್ಟಿಗೆಗಳ ಬೀಗದ ಕೈ ಇದ್ದದ್ದು ಬಂದೂಕು ನೋಡಿಕೊಳ್ಳುವ ಗುರುಸಿದ್ದನ ಹತ್ತಿರ. ಶನಿವಾರ ಅವನನ್ನು ಕರೆಸಿದರು.

"ಯಾವ ಊರು ಮಾರಾಯ್ರೆ?" ಎಂದ ಜೋಕಿಮ್.

"ಗದಗ ರೀ."

"ಹೊರಗೆ ತೆಗೆದದ್ದು ಯಾವ ತೋಟಾ?"

"ಗಟ್ಟೀವು ಅಷ್ಟ ರೀ."

"ಮತ್ತೆ ಈ ಮೆದು ಗುಂಡು ನಡ್ಕೊಂಡು ಬಂತಾ?"

ಬದರ್ ತಮಗೆ ತಂದಿದ್ದ ಚಹಾವನ್ನು ಗುರುಸಿದ್ದನ ಮುಂದೆ ಸರಿಸಿ, ಅರಬ್ಬಿಯಲ್ಲಿ ಏನೋ ಕೇಳಿದರು.

ಜೋಕಿಮ್ ದನಿ ಇಳಿಸಿದ. "ಗಟ್ಟಿಯದ್ದೇ ಹಾಕಿದ್ರೆ ಅಪಘಾತ ಅಂತ ಖಲಾಸ್ ಆಗ್ತಿತ್ತಂತೆ. ಬದಲಾಯಿಸಿದ್ದು ಯಾಕೆ ಅಂತ ಕೇಳ್ತಿದ್ದಾರೆ. ಯೋಚ್ನೆ ಮಾಡಿ ಹೇಳಿ ಮಾರಾಯ್ರೆ, ಕೊಲೆಗೆ ಇಲ್ಲಿ ನೇಣು."

ಗುರುಸಿದ್ದ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದ.

"ಗಟ್ಟೀದು ಮೋರಿಸನ್ನ ದಾಟಿ ಹೋಗ್ತಿತ್ತ್ರೀ. ಹಿಂದ ಗುಡಾರದಾಗ ಸೈದು ಭಾಯಿ ಚಹಾ ಸೋಸಾಕತ್ತಿದ್ದ."



"ಏನಂದ?" ಬದರ್ ಎರಡು ಸಲ ಕೇಳಬೇಕಾಯಿತು.

ಮಧ್ಯಾಹ್ನ ಬಂಧನವಾಯಿತು. ಕಾರಣ ಹೇಳಿಕೆಯಲ್ಲಿ ದಾಖಲಾಯಿತು. ಹಿಂದಿನ ಆಗಸ್ಟಿನಲ್ಲಿ ಗುರುಸಿದ್ದನ ತಮ್ಮ ವಿವೇಕ ಬಿಸಿಲು ಬಡಿದು ಅದೇ ಬಿಡಾರದ ಜಾಗದಲ್ಲಿ ಬಿದ್ದಿದ್ದ. ಇದ್ದ ಒಂದೇ ಕಾರನ್ನು ಮೋರಿಸ್ ಕಾಯಿಲೆ ಬಿದ್ದ ಬೇಟೆಯ ಗಿಡುಗದ ಜೊತೆ ಪಶುವೈದ್ಯರಲ್ಲಿಗೆ ಕಳಿಸಿದ್ದ. ವಾಪಸು ಕರೆಸು ಎಂದು ಗುರುಸಿದ್ದ ಕಾಲು ಹಿಡಿದರೆ, "ಗಿಡುಗ ಸತ್ರೆ ಕಫೀಲ್‌ಗೆ ನೀನು ಉತ್ತರ ಕೊಡ್ತೀಯಾ?" ಎಂದಿದ್ದ.

ಉಸಿರು ನಿಲ್ಲುವವರೆಗೂ ವಿವೇಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒದ್ದೆ ಬಟ್ಟೆ ಹಾಕುತ್ತ ಕೂತವನು ಸೈದು.