ಬೆನ್ನ ಮೇಲಿನ ಕೈ

"ನೀವ್ಯಾಕೆ ಬಂದ್ರಿ ಇಲ್ಲಿಗೆ?"

ಹೆರಿಗೆ ವಾರ್ಡಿನ ಬಾಗಿಲಲ್ಲಿ ಗೋಡೆ ಹಿಡಿದು ನಿಂತೇ ಅವಳು ಕೇಳಿದಳು. ಐದು ವಾರಗಳ ಮೇಲೆ ಗಂಡನ ಮುಖ ನೋಡುತ್ತಿದ್ದಳು. ಅವನೋ, ಬೇಕರಿಯ ಏಪ್ರನ್ ಕೂಡ ಬಿಚ್ಚದೆ ಓಡಿ ಬಂದಿದ್ದ. ಹುಬ್ಬಿನ ಮೇಲೆಲ್ಲ ಹಿಟ್ಟು!

"ಅತ್ತಿಗೆ ಫೋನ್ ಮಾಡಿದ್ರು. ಅದಕ್ಕೇ..."

"ಓಹೋ, ಫೋನ್ ಮಾಡಿದ್ದಕ್ಕೆ ಬಂದ್ರಾ! ಪಾಪ, ನಿಮಗೆ ತೊಂದರೆ ಆಯ್ತು."

ಕೋಪ ಬಂದಾಗ ಮಾತ್ರ ಅವಳು ಗಂಡನಿಗೆ ಬಹುವಚನ ಕೊಡುತ್ತಿದ್ದಳು. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ತಲೆ ತಗ್ಗಿಸಿದ.

ಅಷ್ಟರಲ್ಲಿ ಸೊಂಟದಿಂದ ನೋವು ಎದ್ದು ಬಂತು. ಅವನು ಕೈ ಚಾಚಿದ. ಅವಳು ಬೇಕೆಂದೇ ಪಕ್ಕದಲ್ಲಿದ್ದ ಅತ್ತಿಗೆಯ ಹೆಗಲು ಹಿಡಿದಳು. ಇಬ್ಬರೂ ಒಳಗೆ ಹೋದರು, ಬಾಗಿಲು ಮುಚ್ಚಿತು.

'ನಾನೂ ಬರ್ತೀನಿ ಅಂತ ಒಂದೇ ಒಂದು ಮಾತು ಹೇಳಬಾರದಾ? ಅಷ್ಟಕ್ಕೂ ಬಾಯಿ ಬರಲಿಲ್ವಾ?' ಕಣ್ಣು ತುಂಬಿತು. ಅವನು ಪಕ್ಕದಲ್ಲಿರಬೇಕು... ಒಂಬತ್ತು ತಿಂಗಳಿಂದ ಅವಳು ಆಸೆಪಟ್ಟಿದ್ದು ಅದೊಂದನ್ನೇ.

ಜಗಳ ಶುರುವಾದದ್ದು ಇದೇ ಆಸ್ಪತ್ರೆಯಲ್ಲಿ. ಮಂಗಳವಾರ ಮಧ್ಯಾಹ್ನ ಇಲ್ಲಿನ ಸೂಲಗಿತ್ತಿ ಗಂಡಂದಿರನ್ನೆಲ್ಲ ಸಾಲಾಗಿ ಕೂರಿಸಿ, ಹೆರಿಗೆ ನೋವು ಬಂದಾಗ ಹೆಂಡತಿಯ ಬೆನ್ನು ಹೇಗೆ ಒತ್ತಬೇಕೆಂದು ಕಲಿಸುತ್ತಿದ್ದಳು. ಅಂಗೈಯ ಬುಡವನ್ನು ಸೊಂಟದ ಮೇಲೆ ಊರಿ, ಅಲ್ಲಾಡಿಸದೆ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಅಷ್ಟೇ. ಆದರೆ ಹದಿನೈದು ವರ್ಷ ಬ್ರೆಡ್ಡಿನ ಹಿಟ್ಟು ನಾದಿದ ಕೈ ಕೇಳಬೇಕಲ್ಲ! ಒತ್ತಿತು, ಮಡಚಿತು, ತಿರುವಿತು. ಕೊನೆಗೆ ಅಭ್ಯಾಸಬಲದಿಂದ ಪಟಪಟನೆ ಎರಡು ತಟ್ಟಿಯೂ ಬಿಟ್ಟಿತು.

"ಬಿಡೋ! ನಾನೇನು ಹಿಟ್ಟಿನ ಮುದ್ದೆನಾ? ಇನ್ನು ಓವನ್ನಿಗೆ ಇಡೋದೊಂದು ಬಾಕಿ!" ಎಂದು ಅವಳು ಎಲ್ಲರೆದುರು ನಕ್ಕಿದ್ದಳು. ಹತ್ತು ಜೋಡಿಗಳೂ ಬಿದ್ದು ಬಿದ್ದು ನಕ್ಕಿದ್ದವು.

ಅವನು ಎದ್ದು ಹೊರಟೇ ಹೋದ. ಸಂಜೆ ಮನೆಯಲ್ಲಿ ಹೇಳಿದ್ದು ಎರಡೇ ಮಾತು. "ನನ್ನ ಕೈಲಿ ಆಗಲ್ಲ. ಹೆರಿಗೆಗೆ ಅತ್ತಿಗೇನ ಕರ್ಕೋ."

'ನೀನು ನನಗೆ ಬೇಡ' ಎಂದು ಅವಳಿಗೆ ಕೇಳಿಸಿತು. ಮಾರನೇ ದಿನವೇ ಬಟ್ಟೆ ಕಟ್ಟಿಕೊಂಡು ಅಣ್ಣ-ಅತ್ತಿಗೆಯ ಮನೆ ಸೇರಿದಳು. ಆಸ್ಪತ್ರೆಯ ಹಾಳೆಯಲ್ಲಿ 'ಜೊತೆಗಿರುವವರು' ಎಂಬಲ್ಲಿ ಅತ್ತಿಗೆಯ ಹೆಸರನ್ನೊಂದೇ ಬರೆದಳು. ಹಾಳೆಯಲ್ಲಿ ಇಲ್ಲದವರು ಒಳಗೆ ಬರುವಂತಿಲ್ಲ, ತಾಯಿಯೇ ಬಾಯಿಬಿಟ್ಟು ಕರೆಯುವವರೆಗೆ!

ಹನ್ನೊಂದು ಗಂಟೆಯ ಹೊತ್ತಿಗೆ ನೋವು ಜೋರಾಯಿತು. ಎಲ್ಲ ಬೆನ್ನಲ್ಲೇ!

"ಮಗು ನಿಮ್ಮ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದೆ. ಅದಕ್ಕೇ ಈ ಪಾಟಿ ಬೆನ್ನುನೋವು," ಎಂದಳು ಸೂಲಗಿತ್ತಿ, ಹೊಟ್ಟೆಗೆ ಕಿವಿಗೊಳವೆ ಇಟ್ಟು ಎದೆಬಡಿತ ಕೇಳುತ್ತಾ. "ಮಂಚಕ್ಕೆ ಒರಗಿ, ಮಂಡಿ ಊರಿ. ತಾನೇ ತಿರುಗುತ್ತೆ. ಹೆದರಬೇಡಿ, ನಾನಿದ್ದೀನಲ್ಲ."

ಅತ್ತಿಗೆ ಒತ್ತಿದಳು. ಪಾಪ, ಅವಳ ಕೈಯಲ್ಲಿ ಉಪ್ಪಿನ ಡಬ್ಬಿಯ ಮುಚ್ಚಳ ತೆಗೆಯಲೂ ಆಗುತ್ತಿರಲಿಲ್ಲ.

"ಇನ್ನೂ ಗಟ್ಟಿಯಾಗಿ ಅತ್ತಿಗೇ!"

"ಇದಕ್ಕಿಂತ ಆಗಲ್ಲ ಕಣೇ..." ಅತ್ತಿಗೆ ಅಳುವುದೊಂದು ಬಾಕಿ.

ಸೂಲಗಿತ್ತಿ ಅವಳ ಕಿವಿಯ ಹತ್ತಿರ ಬಗ್ಗಿದಳು. "ಸರಿಯಾಗಿ ಒತ್ತೋ ಕೈ ಹೊರಗಡೆ ಇದೆ. ನಿಮ್ಮ ಯಜಮಾನ್ರು."

"ಅವರಾ? ನಾದಿ ಹಾಕ್ತಾರೆ!"

"ಹೇಳಬೇಡಿ ಅಂದಿದ್ರು, ಆದ್ರೂ ಹೇಳ್ತೀನಿ. ಈ ಐದು ವಾರದಲ್ಲಿ ಒಂದು ಮಂಗಳವಾರಾನೂ ತಪ್ಪಿಸಿಲ್ಲ. ಕ್ಲಾಸ್ ಮುಗಿದು ಎಲ್ಲರೂ ಹೋದ ಮೇಲೆ ಬರೋರು. ನನ್ನ ಬೆನ್ನ ಮೇಲೇ ಕಲಿತಿದ್ದು. ನನ್ನ ಹಳೇ ಸೊಂಟನೋವು ಕೂಡ ಹೊರಟುಹೋಯ್ತು!"

ಅವಳು ತಟ್ಟನೆ ತಲೆಯೆತ್ತಿದಳು. "ಮತ್ತೆ... ಆಗಲ್ಲ ಅಂದಿದ್ದು?"

"ನಿಮ್ಮನ್ನ ನೋಯಿಸಿಬಿಡ್ತೀನಿ ಅನ್ನೋ ಭಯ. ಕರೀಲಾ? ನೀವು ಹೂಂ ಅಂದ್ರೆ ಮಾತ್ರ."

'ಎಂಥ ಮಂಕು ನಾನು! ಹತ್ತು ಜನರ ಮುಂದೆ ಅವನ ಮಾನ ಕಳೆದು, ಮೇಲಿಂದ ನಾನೇ ಮುನಿಸಿಕೊಂಡು ಕೂತೆ...'

ಮತ್ತೆ ನೋವು ಬಂತು. ಬಿಗುಮಾನ ಎಲ್ಲಿ ಹೋಯಿತೋ! ಇಡೀ ವಾರ್ಡಿಗೆ ಕೇಳುವಂತೆ ಅವಳು ಕೂಗಿದಳು.

"ಬಾರೋ ಒಳಗೆ! ನಂಗೆ ನೀನೇ ಬೇಕು!"

ಬಾಗಿಲು ಧಡಾರನೆ ತೆರೆಯಿತು. ಮೊಣಕೈವರೆಗೆ ಕೈ ತೊಳೆದು ಸಿದ್ಧವಾಗಿಯೇ ನಿಂತಿದ್ದ ಅವನು ಒಳಗೆ ಬಂದ. ಹಿಂದೆ ಕೂತು ಎರಡೂ ಅಂಗೈಗಳನ್ನು ಅವಳ ಸೊಂಟಕ್ಕೆ ಊರಿ ಒತ್ತಿ ಹಿಡಿದ. ಅಲ್ಲಾಡಿಸಲಿಲ್ಲ. ನಾದಲಿಲ್ಲ.

"ಅಲ್ಲೇ... ಅಲ್ಲೇ... ಬಿಡಬೇಡ!"

"ಬಿಡಲ್ಲ ಕಣೇ."

ಎರಡು ಗಂಟೆ ಅವನು ಅಲ್ಲಿಂದ ಕದಲಲಿಲ್ಲ. ನೋವು ಬಂದಾಗಲೆಲ್ಲ ಒತ್ತಿದ, ಹೋದಾಗ ನೀರು ಕುಡಿಸಿದ. ನೋವು ಕಡಿಮೆಯಾಗಲಿಲ್ಲ. ಆದರೆ ಈಗ ಅವಳು ಅದಕ್ಕೆ ಹೆದರುತ್ತಿರಲಿಲ್ಲ.

"ತಿರುಗಿತು!" ಸೂಲಗಿತ್ತಿಯ ಮುಖ ಅರಳಿತು. "ಭಲೇ ತಾಯಿ! ಈಗ ಮುಕ್ಕಿ... ಹಾಂ... ಸಾಕು, ಈಗ ಬರೀ ಉಸಿರು ಊದಿ. ಕೈ ಕೊಡಿ ಇಲ್ಲಿ. ಮುಟ್ಟಿ ನೋಡಿ, ನಿಮ್ಮ ಮಗುವಿನ ತಲೆ!"

ಬೆರಳಿಗೆ ಒದ್ದೆಯ, ಮೆತ್ತನೆಯ ಕೂದಲು ತಾಗಿತು. ಎಲ್ಲಿಂದ ಬಂತೋ ಆ ಶಕ್ತಿ! ಹಲ್ಲು ಕಚ್ಚಿ, ಮೈಯ ಬಲವನ್ನೆಲ್ಲ ಒಂದು ಮಾಡಿ ಅವಳು ಮುಕ್ಕಿದಳು. ಮತ್ತೊಮ್ಮೆ. ಇನ್ನೊಮ್ಮೆ...

ಮಗು ಸೂಲಗಿತ್ತಿಯ ಕೈಗೆ ಜಾರಿತು. ಮರುಕ್ಷಣವೇ ಕೋಣೆ ಕಿತ್ತುಹೋಗುವಂತೆ ಕಿರುಚಿತು.

"ಹೆಣ್ಣು! ಗಂಟಲು ಥೇಟ್ ಅಮ್ಮನದೇ!"

ಅತ್ತಿಗೆ ಅಳುತ್ತಲೇ ನಕ್ಕಳು. ಮಗುವನ್ನು ಎದೆಯ ಮೇಲೆ ಹಾಕಿದಾಗ ಅವಳಿಗೆ ಲೋಕವನ್ನೇ ಗೆದ್ದಂತಾಯಿತು. "ನಾನು ಹೆತ್ತೆ! ನೋಡೋ, ನಾನೇ ಹೆತ್ತೆ!" ಎಂದು ಕೂಗಿ ಕೂಗಿ ಹೇಳಿದಳು.

"ನೋಡಿದೆ ಕಣೇ. ನಿನ್ನಂಥ ಗಟ್ಟಿಗಿತ್ತೀನ ನಾನು ನೋಡೇ ಇಲ್ಲ." ಅವನು ಚಿಕ್ಕ ಮಗುವಿನ ಹಾಗೆ ಬಿಕ್ಕುತ್ತಿದ್ದ.

ಎಲ್ಲ ಮುಗಿದು ಕೋಣೆ ಶಾಂತವಾದ ಮೇಲೆ ಅವಳು ಮೆಲ್ಲಗೆ ಹೇಳಿದಳು. "ಆವತ್ತು ನಾನು ನಗಬಾರದಿತ್ತು. ತಪ್ಪಾಯ್ತು."

"ನಾನು ಎದ್ದು ಹೋಗಬಾರದಿತ್ತು. ನಿನ್ನ ಬಿಟ್ಟು ಆ ಮನೇಲಿ ಇರೋಕ್ಕಾಗಲಿಲ್ಲ ಕಣೇ. ನೀನಂದ್ರೆ ನನಗೆ ಪ್ರಾಣ."

ಅವಳು ಮಗುವಿನ ಜೊತೆ ಅವನ ತೋಳಿಗೆ ಒರಗಿದಳು. ಅವನ ಒಂದು ಕೈ ಇನ್ನೂ ಅವಳ ಬೆನ್ನ ಮೇಲೇ ಇತ್ತು.

"ಬೆನ್ನು ಇನ್ನೂ ನೋಯ್ತಿದೆಯಾ?"

"ಇಲ್ಲ."

"ಹಾಗಾದ್ರೆ ಕೈ ತೆಗೀಲಾ?"

"ನೋವಿಲ್ಲ ಅಂದೆ. ತೆಗಿ ಅಂದ್ನಾ?"