ಕಹಿಯಿಲ್ಲದ ಗುಟುಕು

ಇಳಕಲ್ಲಿನ ನೇಕಾರ ಸಂಗಪ್ಪನ ಅಡುಗೆಮನೆಯ ಗೂಡಿನಲ್ಲಿ ತಂಬಿಗೆಯಷ್ಟೇ ಇದ್ದ ಪೊರೆಗುಳ್ಳೆ ಯಂತ್ರ ಗುಂಯ್ ಎಂದು ಕೆಲಸ ಮಾಡುತ್ತಿತ್ತು. ಒಳಗೆ ನೀರು, ಅಳತೆಯ ಔಷಧ, ಚಿಟಿಕೆ ಬಿಳಿಪುಡಿ. ಎರಡೇ ನಿಮಿಷಕ್ಕೆ ನೀರು ತಿಳಿಮಜ್ಜಿಗೆಯಂತೆ ಮಸುಕಾಯಿತು.

“ಒಳಗ ಗುಳ್ಳಿ ಯಾರು ಕಟ್ಟತಾರ್ರೀ?” ಎಂದು ಸಂಗಪ್ಪ ಕೇಳಿದ.

ಯಂತ್ರವನ್ನು ರೂಪಿಸಿದ ವಿಜ್ಞಾನಿ ವಸುಂಧರಾ ಹಿರೇಗೌಡರ ಅವರು ನಕ್ಕರು. ಯಾರೂ ಕಟ್ಟುವುದಿಲ್ಲ. ಅಂಟುವಾಳದ ಕಾಯಿಯಿಂದ ತೆಗೆದು ದೇಹಕ್ಕೆ ಒಗ್ಗುವಂತೆ ತಿದ್ದಿದ ಆ ಪುಡಿಯ ಒಂದೊಂದು ಅಣುವಿಗೂ ನೀರನ್ನು ಬಯಸುವ ತಲೆ, ನೀರೆಂದರೆ ಆಗದ ಬಾಲ. ನೀರಿಗೆ ಬಿದ್ದೊಡನೆ ಬಾಲಗಳು ಎದುರುಬದುರಾಗಿ ನಡುವೆ ಅಡಗುತ್ತವೆ, ತಲೆಗಳು ಎರಡೂ ಕಡೆ ಕಾವಲು ನಿಲ್ಲುತ್ತವೆ. ಈ ಎರಡು ಪದರದ ಪೊರೆ ತಾನಾಗಿ ಬಾಗಿ, ಔಷಧವನ್ನು ಒಳಗಿಟ್ಟುಕೊಂಡು ಗುಳ್ಳೆಯಾಗುತ್ತದೆ. ಇದೇ ಸ್ವಯಂಜೋಡಣೆ. ಗುಳ್ಳೆ ಒಡೆಯುವುದು ಕರುಳಿನಲ್ಲಿ. ಅಲ್ಲಿ ಕಹಿಯೆಂದು ದೂರಲು ನಾಲಗೆಯಿಲ್ಲ.

ಸಂಗಪ್ಪನಿಗೆ ಯಕೃತ್ತಿನ ಕಾಯಿಲೆ. ಅದರ ಔಷಧ ಎಷ್ಟು ಕಹಿಯೆಂದರೆ, ಕುಡಿದದ್ದರಲ್ಲಿ ಅರ್ಧ ವಾಂತಿಯಾಗುತ್ತಿತ್ತು. ಈಗ ಗಟಗಟ ಕುಡಿದ. ಕಹಿಯ ಸುಳಿವೇ ಇಲ್ಲ. ಹಿಗ್ಗಬೇಕಾದವನು ಪೆಚ್ಚಾದ.

ಕಾರಣವಿತ್ತು. ಎಂಟು ತಿಂಗಳ ಹಿಂದೆ ಮಗಳ ಮದುವೆಯಲ್ಲಿ, ಹೆಂಡತಿ ನೀಲವ್ವ ನೇಯ್ದ ಸೀರೆಯಲ್ಲಿ ಒಡಲಿಗೆ ಸೆರಗು ಕೂಡಿಸಿದ ಜೋಡಣೆ ಸೊಟ್ಟಗಿದೆಯೆಂದು ಬೀಗರೆದುರೇ ಅಂದುಬಿಟ್ಟಿದ್ದ. ನೂಲು ಅದ್ದುವ ಬಣ್ಣದ ನೀರನ್ನು ನಾಲಗೆಯ ತುದಿಗೆ ಹಚ್ಚಿಯೇ ಹದ ಹೇಳುವ ಮನೆತನದ ಮಗಳು ಅವಳು. ಅವಳ ಕೆಲಸಕ್ಕೆ ಹೆಸರಿಡುವುದೇ? ಅಂದಿನಿಂದ ಮಾತು ಬಂದ್. ಔಷಧ ಕುಡಿದು ಅವನು ಒದ್ದಾಡುವಾಗ ಮಾತ್ರ ಅಂಗೈಗೆ ಬೆಲ್ಲದ ಚೂರಿಟ್ಟು “ಹಿಡೀರಿ” ಅನ್ನುತ್ತಿದ್ದಳು. ದಿನಕ್ಕೆ ಅದೊಂದೇ ಮಾತು. ಕಹಿ ಹೋದರೆ ಬೆಲ್ಲ ಹೋಯಿತು, ಬೆಲ್ಲ ಹೋದರೆ ಆ ಮಾತೂ ಹೋಯಿತು.

ನೀಲವ್ವ ಮಗ್ಗದ ಕೋಣೆಯಲ್ಲಿದ್ದಳು. ಸಂಗಪ್ಪ ವಿಜ್ಞಾನಿಯನ್ನು ಅಂಗಳಕ್ಕೆ ಕರೆದು ಎಲ್ಲವನ್ನೂ ಹೇಳಿಕೊಂಡ.

“ಒಂದೀಟು ಕಹಿ ಉಳಿಸಾಕ ಬರ್ತದೇನ್ರೀ, ಮೇಡಂ?”

ಅವರು ಖಡಾಖಂಡಿತವಾಗಿ ಒಲ್ಲೆನೆಂದರು. ಕಹಿ ಉಳಿದರೆ ವಾಂತಿ, ವಾಂತಿಯಾದರೆ ಕಾಯಿಲೆ ವಾಸಿಯಾಗದು. ಆದರೆ ಕಹಿ ಹೋಗಿರುವ ಸಂಗತಿಯನ್ನು ಮನೆಯಲ್ಲಿ ತಾವಾಗಿ ಎತ್ತುವುದಿಲ್ಲವೆಂದು ಮಾತು ಕೊಟ್ಟರು. ಅಷ್ಟು ಸಾಕಾಯಿತು ಸಂಗಪ್ಪನಿಗೆ.

ಮೂರು ತಿಂಗಳ ನಂತರ ವಸುಂಧರಾ ಮನೆಗೆ ತಪಾಸಣೆಗೆ ಬಂದಾಗ ಅವನ ರಕ್ತಪರೀಕ್ಷೆಯ ಫಲಿತಾಂಶ ಬಲು ಚೆನ್ನಾಗಿತ್ತು. ಅವರ ಕಣ್ಣೆದುರೇ ಸಂಗಪ್ಪ ಲೋಟ ಹಿಡಿದ. ಕಣ್ಣು ಮುಚ್ಚಿದ, ಮುಖ ಹಿಂಡಿದ, ಮೈಯನ್ನೆಲ್ಲ ನಡುಗಿಸಿದ. ಆಮೇಲೆ ಲೋಟವನ್ನು ತುಟಿಗೆ ಹಚ್ಚಿದ. ವಸುಂಧರಾ ನಗು ತಡೆಯಲು ಕಿಟಕಿಯ ಕಡೆ ತಿರುಗಿದರು.

ನೀಲವ್ವ ಒಳಗಿನಿಂದ ಬೆಲ್ಲ ತಂದಳು. ಚೂರು ಎಂದಿಗಿಂತ ದೊಡ್ಡದಿತ್ತು.

“ಹಿಡೀರಿ,” ಅಂದಳು. ಅಲ್ಲಿಗೆ ನಿಲ್ಲಲಿಲ್ಲ. “ಮೊದಲ್ನೇ ದಿನಾನ ಲೋಟಾದಾಗಿನ ಹನಿ ನಾಲಿಗಿಗೆ ಹಚ್ಚಿ ನೋಡೀನಿ. ನಾಳಿಂದ ಮೊದಲ ಕುಡೀರಿ, ಆಮ್ಯಾಲ ಮಾರಿ ಸೊಟ್ಟ ಮಾಡ್ರಿ.”