ಸ್ವಿಚ್ ಬೋರ್ಡಿನ ಹಿಂದಿನ ತಗಡು

"ಸ್ವಾಮಿ, ಇದನ್ನ ಮಾತ್ರ ಮುಟ್ಟೋದು ಬೇಡ," ಎಂದವನೇ ವೈರಿಂಗ್ ಕೆಲಸಕ್ಕೆ ಬಂದಿದ್ದ ಮುದುಕ ಸ್ಟೂಲಿನಿಂದ ಇಳಿದುಬಿಟ್ಟ.

ಕಿತ್ತ ಹಳೇ ಸ್ವಿಚ್ ಬೋರ್ಡಿನ ಹಿಂದೆ, ಗೋಡೆಯ ಪೊಟರೆಯಲ್ಲಿ, ಕರೀ ದಾರ ಬಿಗಿದ ತಾಮ್ರದ ತಗಡಿನ ಸುರುಳಿಯೊಂದು ಕೂತಿತ್ತು. ಕೂದಲು ಸುಟ್ಟಂಥ ಕಮಟು ವಾಸನೆ ಕೋಣೆಗೆಲ್ಲ ಹರಡಿತು.

"ಯಾರದೋ ಬಾಯಿ ಕಟ್ಟಿಸಿದ್ದಾರೆ. ಮಾಟ ಇದು. ದಾರ ಬಿಚ್ಚಿದ್ರೆ ಒಳಗಿರೋದು ಬೇರೆಯವರ ಬಾಯಿ ಹುಡುಕುತ್ತೆ. ಬೋರ್ಡು ಮುಚ್ಚಿಬಿಡ್ತೀನಿ."

ಮನೆಯ ಹೊಸ ಯಜಮಾನ ರೇಡಿಯೋದಲ್ಲಿ ವಾರ್ತೆ ಓದುವವನು. ಇಂಥ ಕತೆಗಳೆಂದರೆ ಅವನಿಗೆ ಎಲ್ಲಿಲ್ಲದ ನಗು. "ತಾತಾ, ವೈಫೈ ಮನೆ ಇದು. ಪಾಸ್‌ವರ್ಡ್ ಇಲ್ದೆ ದೆವ್ವ ಹೇಗೆ ಒಳಗೆ ಬರುತ್ತೆ?"

ಮುದುಕ ನಗಲಿಲ್ಲ. ಚೀಲ ಹೆಗಲಿಗೇರಿಸಿ, ಹಿಂದಿರುಗಿ ನೋಡದೆ ನಡೆದ.

ವಾರ್ತೆಯವನು ಕತ್ತರಿಯಿಂದ ದಾರ ಕತ್ತರಿಸಿ, ತಗಡನ್ನು ಕಸದ ಬುಟ್ಟಿಗೆ ಎಸೆದ. ಪುಸ್ತಿಕೆ ನೋಡಿಕೊಂಡು ಹೊಸ ಸ್ವಿಚ್ಚನ್ನು ತಾನೇ ಕೂರಿಸಿದ. ಬಾಗಿಲ ಬೀಗ, ಕಿಟಕಿ ಪರದೆ, ಕೋಣೆ ಬಿಸಿ ಮಾಡುವ ಹೀಟರು ಎಲ್ಲವೂ ಫೋನಿಗೂ ಮಾತು ಕೇಳಿ ನಡೆಸುವ ಸ್ಪೀಕರಿಗೂ ಜೋಡಣೆಯಾದವು. ನಿಮ್ಮ ದನಿ ಗುರುತಾಗಬೇಕು, ಹತ್ತು ವಾಕ್ಯ ಓದಿ ಎಂದಿತು ಸ್ಪೀಕರು. ಅವನು ಗಂಟಲು ಸರಿಮಾಡಿಕೊಂಡು ವಾರ್ತೆಯ ಧಾಟಿಯಲ್ಲೇ ಓದಿದ. ಏಳು ವರ್ಷದ ಮಗಳು ಗುಬ್ಬಿ ನೆಲದ ಮೇಲೆ ಬಿದ್ದು ಬಿದ್ದು ನಕ್ಕಳು. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅವಳಮ್ಮ ಸಂಜೆ ಬಂದಾಗ ಮನೆಯೇ ಮಾತಾಡಿಸಬೇಕು ಎಂಬುದು ಅಪ್ಪ ಮಗಳ ಗುಟ್ಟು.

ಮಧ್ಯಾಹ್ನದ ಊಟವಾದ ಮೇಲೆ ಗುಬ್ಬಿ ಕೋಣೆಯಲ್ಲಿ ಮಲಗಿದಳು. ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದವನಿಗೆ ಸರ್ ಎಂದು ಪರದೆ ಎಳೆದ ಸದ್ದು ಕೇಳಿತು. ಹಿಂದೆಯೇ ಗುಬ್ಬಿಯ ಕೋಣೆಯ ಬೀಗದ ಟಿಕ್. ಹಾಡಹಗಲಲ್ಲೇ ಮನೆ ಕತ್ತಲಾಯಿತು.

"ಕೋಣೆ ಬಾಗಿಲು ತೆಗಿ," ಎಂದ.

ಸ್ಪೀಕರಿನ ನೀಲಿ ದೀಪ ಹೊತ್ತಿತು. ತುಟಿ ಹೊಲಿದವರು ಒದ್ದಾಡಿದಂತೆ "ಮ್... ಮ್..." ಎಂಬ ನರಳಾಟವಷ್ಟೇ ಬಂತು.

ಒಳಗೆ ಹೀಟರು ಗುಂಯ್‌ಗುಡತೊಡಗಿತು. ಫೋನಿನಲ್ಲಿ ಕೋಣೆಯ ಶಾಖ ಮೂವತ್ತೆಂಟು.

"ಅಪ್ಪಾ, ಸೆಕೆ! ಬಾಗಿಲು ತೆಗಿ ಅಪ್ಪಾ!"

ಓಡಿಹೋಗಿ ಮೇನ್ ಸ್ವಿಚ್ ಆರಿಸಿದ. ಫ್ರಿಜ್ಜು ನಿಂತಿತು. ಹೀಟರು ನಿಲ್ಲಲಿಲ್ಲ. ನಲವತ್ತಮೂರು. ಬಾಗಿಲಿಗೆ ಭುಜ ಕೊಟ್ಟು ಗುದ್ದಿದ. ಅಲುಗಲಿಲ್ಲ. ಹೊರಗಿನ ಕಿಟಕಿಗೆ ಕಬ್ಬಿಣದ ಸರಳು. ಮುದುಕನಿಗೆ ಫೋನ್ ಮಾಡಿದ.

"ದಾರ ಬಿಚ್ಚಿದ್ರಾ?"

"ತಪ್ಪಾಯ್ತು. ನಿಮ್ಮ ಕಾಲಿಗೆ ಬೀಳ್ತೀನಿ, ಮಗು ಒಳಗಿದೆ!"

"ಅಯ್ಯೋ... ಬಾಗಿಲು ಒಡೀರಿ, ನಾನು ಬಂದೆ. ಅದು ಬಾಯಿ ಕೇಳುತ್ತೆ. ಪ್ರಾಣ ಹೋದ್ರೂ ಕೊಟ್ಟೆ ಅನ್ಬೇಡಿ."

ಹೋಗಬೇಕಾಗಿರುವುದು ಯಾರ ಪ್ರಾಣ ಎಂಬುದು ಆ ಮುದುಕನಿಗೇನು ಗೊತ್ತು! ಗುಬ್ಬಿಯ ಕೂಗು ಅಳುವಾಯಿತು. ಅಳು ಬಿಕ್ಕಳಿಕೆಯಾಯಿತು. ಆಮೇಲೆ ಅದೂ ಇಲ್ಲ. ಬಾಗಿಲ ಹಿಡಿ ಕೈ ಸುಡುತ್ತಿತ್ತು.

"ಬಾಯಿ..." ಎಂದಿತು ಸ್ಪೀಕರು. "ಬಾಯಿ ಕೊಡು..."

"ತಗೋ! ಕೊಟ್ಟೆ! ನನ್ನ ಮಗಳನ್ನ ಬಿಡು!"

ಬಾಗಿಲು ತೆರೆಯಿತು.

ಬಿಸಿ ಮುಖಕ್ಕೆ ರಾಚಿತು. ಮಗುವನ್ನು ಬಾಚಿಕೊಂಡ. ಓಡಿದ. ಅಂಗಳ. ನಲ್ಲಿ. ತಣ್ಣೀರು. ಗುಬ್ಬಿ ಕೆಮ್ಮಿದಳು, ಉಸಿರೆಳೆದಳು. ಬದುಕಿದ್ದಾಳೆ! ಖುಷಿಯಿಂದ ಹೆಸರು ಹಿಡಿದು ಕರೆಯಹೊರಟ. ಗಂಟಲು ಆಡಿತು, ಸದ್ದು ಬರಲಿಲ್ಲ.

ಗುಬ್ಬಿ ಕಣ್ಣು ಬಿಟ್ಟಳು. ಅವನ ಮುಖ ನೋಡಿದಳು. ಕಿಟಾರನೆ ಚೀರಿದಳು.

ಅವನು ಮುಟ್ಟಿ ನೋಡಿಕೊಂಡ. ಮೂಗಿನ ಕೆಳಗಿನಿಂದ ಗದ್ದದವರೆಗೂ ಬರೀ ಚರ್ಮ. ನುಣ್ಣಗೆ.

"ಗುಬ್ಬೀ, ಅಪ್ಪ ಇಲ್ಲಿದ್ದೀನಿ ಕಣೇ," ಎಂದಿತು ಮನೆಯೊಳಗಿನಿಂದ ಅವನದೇ ದನಿ. ತುಂಬು ದನಿ, ಅಕ್ಕರೆಯ ದನಿ. "ಯಾರ ಹತ್ರ ನಿಂತಿದ್ದೀಯ ನೀನು? ಓಡಿ ಬಾ ಕಂದಾ."

ಅವನು ಅವಳ ರಟ್ಟೆ ಹಿಡಿದ. ಗುಬ್ಬಿ ಆ ಕೈಯನ್ನು ಕಚ್ಚಿ, ಕೊಸರಿಕೊಂಡು, "ಅಪ್ಪಾ!" ಎನ್ನುತ್ತ ಒಳಗೆ ಓಡಿದಳು. ಅವನು ಮೆಟ್ಟಿಲು ಮುಟ್ಟುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು.

"ಅಪ್ಪಾ, ಎಲ್ಲಿದ್ದೀಯ? ಕತ್ತಲೆ..."

"ಇಲ್ಲೇ ಕಂದಾ. ಇನ್ನೂ ಒಳಗೆ ಬಾ."

ಬೇಡ ಎಂಬ ಒಂದೇ ಒಂದು ಮಾತು ಅವನಿಗೆ ಬೇಕಿತ್ತು. ಎರಡೂ ಮುಷ್ಟಿಯಿಂದ ಬಾಗಿಲು ಬಡಿದ. ಆ ಬಡಿತಕ್ಕೆ ಹೆದರಿದ ಗುಬ್ಬಿಯ ಹೆಜ್ಜೆಗಳು ಒಳಕೋಣೆಯ ಕಡೆಗೆ ಓಡಿದವು.